ಮೊಗಿಲಿ ಘಾಟಿಯಲ್ಲಿ ಗಾಡಿ ಕುದಿಯಿತು, ಆಮೇಲೆ ನಾಲ್ಕು ವಾರ ನಾನು

ಕಳೆದ ಕಾರ್ತಿಕದ ಕೊನೇ ಸೋಮವಾರ. ಮನೆಯವರೆಲ್ಲ ದೀಪ ಹಚ್ಚೋಕೆ ಅಂತರಗಂಗೆಗೆ ಹೋಗಿದ್ದರು. ನಾನೂ ನನ್ನ ಭಾವಮೈದನೂ ಪಲಮನೇರಿನ ಆಚೆ ಮೊಗಿಲಿ ಘಾಟಿಯ ತಿರುವೊಂದರಲ್ಲಿ ಪಿಕಪ್‌ನ ಬಾನೆಟ್ ಎತ್ತಿಟ್ಟು, ಹಬೆ ಹೋಗುವುದನ್ನು ನೋಡುತ್ತಾ ನಿಂತಿದ್ದೆವು. ಬೆಳಗ್ಗೆ ಕೋಲಾರ ಎಪಿಎಂಸಿಯಿಂದ 90 ಬಾಕ್ಸ್ ಟೊಮೆಟೊ ಚಿತ್ತೂರಿಗೆ ಹಾಕಿ, ವಾಪಸ್ ಬರುವಾಗ ಖಾಲಿ ಯಾಕೆ ಬರೋದು ಅಂತ ಒಂದು ಟನ್ ಬೆಲ್ಲ ಹೇರಿಕೊಂಡು ಬಂದಿದ್ದೆ. ಹೋಗುವಾಗ ಇಳಿಜಾರು, ಬರುವಾಗ ಏರು. ಸೆಕೆಂಡ್ ಗೇರಿನಲ್ಲಿ ಒಂದು ಲಾರಿಯ ಹಿಂದೆ ಹತ್ತುತ್ತಿದ್ದಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ಕೂತಿತು.

ಸ್ವೆಟರ್ ಹಾಕಿಕೊಳ್ಳುವಂಥ ಚಳಿ. ಆ ಚಳಿಯಲ್ಲಿ ಇಂಜಿನ್ ಕುದಿಯುತ್ತಿದೆ ಅಂದರೆ ನಂಬೋಕೇ ಆಗಲಿಲ್ಲ. ಅಲ್ಲಿಂದ ಹಿಡಿದು ಧನುರ್ಮಾಸ ಶುರುವಾಗುವವರೆಗೆ, ಸರಿಯಾಗಿ ನಾಲ್ಕು ವಾರ, ಇಂಜಿನ್ನಿನ ನೀರನ್ನು ತಣ್ಣಗೆ ಮಾಡುವ ರೇಡಿಯೇಟರ್, ಆ ನೀರನ್ನು ಓಡಿಸುವ ಪಂಪು, ಥರ್ಮೋಸ್ಟಾಟು ಅಂತ ಅಲೆದೆ. ದುಡ್ಡು ಹೋದದ್ದಕ್ಕಿಂತ, ಯಾವುದನ್ನು ಮೊದಲು ನೋಡಬೇಕಿತ್ತೋ ಅದನ್ನು ಕೊನೆಗೆ ನೋಡಿದೆನಲ್ಲ ಅನ್ನೋದು ಹೊಟ್ಟೆ ಉರಿಸುತ್ತದೆ. ಡೀಸೆಲ್ ಪಿಕಪ್ ಇಟ್ಟುಕೊಂಡು ಇದೇ ತಾಪತ್ರಯದಲ್ಲಿರುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆ ರಾತ್ರಿ ಭಾವಮೈದ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಕ್ಯಾಪಿಗೆ ಕೈ ಹಾಕಿದ. ರಟ್ಟೆ ಹಿಡಿದು ಎಳೆದೆ. ಕುದಿಯುವ ಗಾಡಿಯ ಕ್ಯಾಪ್ ತೆಗೆದರೆ ನೀರು ಮುಖಕ್ಕೇ ಹಾರುತ್ತದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ನಮ್ಮ ಮನೆ ಒಲೆಯ ಮೇಲೆ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಗಾಡಿಯೊಳಗೆ ಕ್ಯಾಪ್ ಒತ್ತಿ ಹಿಡಿದಿರುವುದರಿಂದ ಅದೇ ನೀರು 110 ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಒತ್ತಡ ಬಿಟ್ಟುಹೋಗಿ ಅಷ್ಟೂ ನೀರು ಒಟ್ಟಿಗೆ ಉಕ್ಕುತ್ತದೆ. ಮುಕ್ಕಾಲು ಗಂಟೆ ಕಾದೆವು. ಯಾರೋ ಪುಣ್ಯಾತ್ಮರು ಬೈಕ್ ನಿಲ್ಲಿಸಿ ಒಂದು ಬಿಂದಿಗೆ ತಣ್ಣೀರು ತಂದುಕೊಟ್ಟರು. ಅದನ್ನೂ ಒಮ್ಮೆಗೇ ಸುರಿಯಲಿಲ್ಲ. ಕಾದ ಹೆಡ್ಡಿಗೆ, ಅಂದರೆ ಇಂಜಿನ್ನಿನ ಮೇಲ್ಭಾಗಕ್ಕೆ, ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಅಂತ ಕೇಳಿ ಗೊತ್ತಿತ್ತು. ಇಂಜಿನ್ ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿ ಐಡಲಿನಲ್ಲಿಟ್ಟು ಸ್ವಲ್ಪ ಸ್ವಲ್ಪವೇ ಹಾಕಿದೆ. ಬೆಲ್ಲವನ್ನು ಇನ್ನೊಂದು ಗಾಡಿಗೆ ಬದಲಾಯಿಸಲು 2,500 ರೂಪಾಯಿ ಕೊಟ್ಟೆ. ನಾವಿಬ್ಬರೂ ಖಾಲಿ ಗಾಡಿಯಲ್ಲಿ ತೆವಳಿಕೊಂಡು ಪಲಮನೇರು ಸೇರಿದೆವು.

ಮರುದಿನ ಬೆಳಗ್ಗೆ ಅಲ್ಲೇ ರಸ್ತೆಬದಿಯ ಮೆಕ್ಯಾನಿಕ್ ಹತ್ತಿರ ಹೋದೆ. ಐದು ನಿಮಿಷಕ್ಕೆ ತೀರ್ಪು ಬಂತು: ಕ್ಯಾಪ್ ಹೋಗಿದೆ, ಥರ್ಮೋಸ್ಟಾಟ್ ಹೋಗಿದೆ. ಹೊಸ ಕ್ಯಾಪ್ ಹಾಕಿದ. ಥರ್ಮೋಸ್ಟಾಟ್ ಬಿಚ್ಚಿ ನನ್ನ ಕೈಗೇ ಕೊಟ್ಟು, "ಇದಿ ಅಕ್ಕರ್ಲೇದನ್ನಾ, ಮನ ಎಂಡಲಕಿ" ಅಂದ. ನಮ್ಮ ಬಿಸಿಲಿಗೆ ಇದು ಬೇಡವಂತೆ. 520 ರೂಪಾಯಿ. ಇಷ್ಟರಲ್ಲೇ ಮುಗೀತಲ್ಲ ಅಂತ ಖುಷಿಯಾಗಿ ಮುಳಬಾಗಿಲಿನಲ್ಲಿ ದೋಸೆ ತಿಂದು ಊರಿಗೆ ಬಂದೆ.

ಥರ್ಮೋಸ್ಟಾಟ್ ತೆಗೆದುಹಾಕುವ ಈ ಕೈಮದ್ದು ನಮ್ಮ ಕಡೆ ಎಲ್ಲ ಗ್ಯಾರೇಜಿನಲ್ಲೂ ಇದೆ. ದಯವಿಟ್ಟು ಒಪ್ಪಬೇಡಿ. ಅದು ಬರೀ ಮುಚ್ಚಳವಲ್ಲ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಒಂದು ಕೆಲಸ. ಬಿಸಿಯಾದ ಮೇಲೆ ತಾನು ತೆರೆದುಕೊಂಡು ಬೈಪಾಸ್ ದಾರಿಯನ್ನು ಮುಚ್ಚುವುದು ಇನ್ನೊಂದು. ನನ್ನ ಇಂಜಿನ್ನಿನಂಥವುಗಳಲ್ಲಿ ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿನೀರು ರೇಡಿಯೇಟರಿನ ಮುಖವನ್ನೇ ನೋಡದೆ ಇಂಜಿನ್ನಿಗೇ ವಾಪಸ್ ಹೋಗುತ್ತದೆ. ಸಪಾಟು ರಸ್ತೆಯಲ್ಲಿ ಇಂಜಿನ್ ಬಿಸಿಯೇ ಆಗದೆ ಡೀಸೆಲ್ ಕುಡಿಯುತ್ತದೆ, ಏರಿನಲ್ಲಿ ಇನ್ನೂ ಬೇಗ ಕುದಿಯುತ್ತದೆ. ನನಗೆ ಎರಡೂ ಆಯಿತು. ಒಂದು ವಾರ ಎಪಿಎಂಸಿಗೂ ಹಳ್ಳಿಗೂ ಓಡಾಡಿದೆ, ಮುಳ್ಳು ಮೇಲೇ ಏಳಲಿಲ್ಲ. ಲೀಟರಿಗೆ 13 ಕೊಡುತ್ತಿದ್ದ ಗಾಡಿ 11ಕ್ಕೆ ಇಳಿಯಿತು. ಮುಂದಿನ ಚಿತ್ತೂರು ಟ್ರಿಪ್ಪಿನಲ್ಲಿ ಅದೇ ಘಾಟಿ, ಅದೇ ತಿರುವಿನ ಹತ್ತಿರ ಮತ್ತೆ ಕೆಂಪು.

ಈ ಸಲ ಕೋಲಾರಕ್ಕೇ ತಂದೆ. "ರೇಡಿಯೇಟರ್ ಚೋಕ್ ಆಗೈತೆ, ಆಸಿಡ್ ವಾಷ್ ಮಾಡ್ಸಿ" ಅಂದರು. ನಂಬಿದೆ, ಯಾಕಂದರೆ ತಪ್ಪು ನನ್ನದೂ ಇತ್ತು. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಾಗಿನಿಂದ ನೀರು ಕಡಿಮೆಯಾದಾಗಲೆಲ್ಲ ಹೊಲದ ಬೋರಿನ ನೀರನ್ನೇ ಹಾಕುತ್ತಿದ್ದೆ. ಸಾವಿರ ಅಡಿ ದಾಟಿದ ಬೋರು ನಮ್ಮದು. ಸ್ನಾನದ ಹಂಡೆಯೊಳಗೆ ಬೆರಳುದ್ದ ಬಿಳೀ ಪೊರೆ ಕಟ್ಟಿಸುವ ನೀರು. ಹಂಡೆಗೆ ಮಾಡಿದ್ದನ್ನು ರೇಡಿಯೇಟರಿಗೆ ಮಾಡದೆ ಬಿಡುತ್ತದಾ? ಆಸಿಡ್ ವಾಷಿಗೆ 900 ಕೊಟ್ಟೆ. ತೊಳೆದು ಕೂರಿಸಿದ ಎರಡನೇ ದಿನ ಬೆಳಗ್ಗೆ ಗಾಡಿಯ ಕೆಳಗೆ ನೀರು ನಿಂತಿತ್ತು.

ಆಸಿಡ್ಡಿನ ಚಿಕಿತ್ಸೆ ಹಳೇ ಕಾಲದ ತಾಮ್ರ, ಹಿತ್ತಾಳೆಯ ರೇಡಿಯೇಟರುಗಳಿಗೆ ಆಗಿಬಂದದ್ದು. ಅವನ್ನು ಬಿಚ್ಚಿ, ಕೊಳವೆಗಳಲ್ಲಿ ಕಂಬಿ ಆಡಿಸಿ, ಮತ್ತೆ ಬೆಸುಗೆ ಹಾಕಬಹುದಿತ್ತು. ಈಗಿನದು ಅಲ್ಯೂಮಿನಿಯಂ ಜಾಲರಿ, ಮೇಲೂ ಕೆಳಗೂ ಪ್ಲಾಸ್ಟಿಕ್ ಟ್ಯಾಂಕು, ನಡುವೆ ರಬ್ಬರ್ ಇಟ್ಟು ಅಂಚು ಮಡಚಿರುತ್ತಾರೆ. ಆಸಿಡ್ ಪೊರೆಯ ಜೊತೆಗೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಸೂಜಿಮೊನೆಯಂಥ ತೂತುಗಳಿಗೆ ಅಡ್ಡವಾಗಿದ್ದದ್ದು ಆ ಪೊರೆಯೇ ಇರಬೇಕು. ಅದು ಹೋಯಿತು, ತೂತು ಬಾಯಿಬಿಟ್ಟಿತು.

ಇನ್ನು ಹೊಸದೇ ಗತಿ. ಇನ್ಶೂರೆನ್ಸ್ ಇದೆಯಲ್ಲ ಅಂತ ಹೆಂಡತಿ ನೆನಪಿಸಿದಳು. ಏಜೆಂಟಿಗೆ ಫೋನ್ ಮಾಡಿದೆ. ಆಕ್ಸಿಡೆಂಟಿನಲ್ಲಿ ರೇಡಿಯೇಟರ್ ಒಡೆದಿದ್ದರೆ ಕ್ಲೇಮ್ ಆಗುತ್ತೆ, ಸವೆದು ಕೆಟ್ಟದ್ದಕ್ಕೆ ಏನೂ ಬರಲ್ಲ ಅಂದರು. ಹೊಟ್ಟೆಯೊಳಗೆ ಇನ್ನೊಂದು ಸಂಕಟ: ಗಾಡಿಗೆ ಎಂಟು ವರ್ಷ ದಾಟಿದೆ, ಇನ್ನು ವರ್ಷ ವರ್ಷವೂ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಅದರ ತಾರೀಖೂ ಹತ್ತಿರ ಬರುತ್ತಿತ್ತು.

ಪೇಟೆಯ ಒಂದು ಅಂಗಡಿಗೆ ಆರ್‌ಸಿ ತೆಗೆದುಕೊಂಡು ಹೋದೆ. ಕೌಂಟರಿನವರು ರಿಜಿಸ್ಟ್ರೇಷನ್ ತಾರೀಖು ನೋಡಿದರು: 2017ರ ಏಪ್ರಿಲ್. "ಹಂಗಾದ್ರೆ ಬಿಎಸ್ 4" ಅಂತ ಒಂದು ಡಬ್ಬ ಇಳಿಸಿದರು. ಬಿಎಸ್ ಅಂದರೆ ಗಾಡಿ ಬಿಡುವ ಹೊಗೆಗೆ ಸರ್ಕಾರ ಇಟ್ಟ ಮಿತಿ. 4,800 ರೂಪಾಯಿ. ಗ್ಯಾರೇಜಿನಲ್ಲಿ ಕೂರಿಸಲು ಹೋದರೆ ಮೇಲಿನ ಹೋಸಿನ ಬಾಯಿ ಒಂದು ಗೇಣು ಆಚೆ, ಕೆಳಗಿನ ಬುಷ್ಷು ತೂತಿಗೆ ಬೀಳುವುದೇ ಇಲ್ಲ.

ಏನಾಗಿತ್ತು ಅಂದರೆ, 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಏಪ್ರಿಲ್ 1ರಿಂದ ಬಿಎಸ್ 3 ಗಾಡಿ ಮಾರುವಂತಿಲ್ಲ ಅಂತ ಆದೇಶ ಕೊಟ್ಟಿತ್ತು. ಮಾರ್ಚ್ 31ರೊಳಗೆ ಮಾರಾಟವಾದದ್ದಕ್ಕೆ ದಾಖಲೆ ಇದ್ದರೆ ಆಮೇಲೂ ರಿಜಿಸ್ಟರ್ ಮಾಡಿಸಬಹುದಿತ್ತು. ಆ ಎರಡು ದಿನ ಶೋರೂಮುಗಳಲ್ಲಿ ಸಂತೆ ಕೂಡಿದ್ದು ನಿಮಗೂ ನೆನಪಿರಬಹುದು. ನನ್ನ ಗಾಡಿಯ ಮೊದಲ ಯಜಮಾನ ಆ ಸಂತೆಯಲ್ಲೇ ಕೊಂಡು ಏಪ್ರಿಲಿನಲ್ಲಿ ರಿಜಿಸ್ಟರ್ ಮಾಡಿಸಿದ್ದ. ಅಂದರೆ ಗಾಡಿ ಬಿಎಸ್ 3, ಆರ್‌ಸಿಯ ತಾರೀಖು ಮಾತ್ರ ಬಿಎಸ್ 4 ಕಾಲದ್ದು. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬೇರೆಯಾಗಿ ಇರುತ್ತದೆ. ಅದನ್ನು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ.

ವಾಪಸ್ ಕೊಡಲು ಹೋದರೆ ಡಬ್ಬ ಹರಿದಿದೆ, ಫಿಟ್ ಮಾಡಿದ ಗುರುತಿದೆ ಅಂತ ಶುರುವಾಯಿತು. ಮೂರು ಸಲ ಓಡಾಡಿದೆ. ಒಂದು ಸಲ ಯಜಮಾನರು ಊರಲ್ಲಿಲ್ಲ, ಇನ್ನೊಂದು ಸಲ ಊಟಕ್ಕೆ ಹೋಗಿದ್ದಾರೆ. ಬಿಲ್ ಕೇಳಿದರೆ ಕೈಬರಹದ ಎಸ್ಟಿಮೇಟ್ ಚೀಟಿ ಬಿಟ್ಟು ಇನ್ನೇನೂ ಇಲ್ಲ. ಕೊನೆಗೆ 600 ಹಿಡಿದುಕೊಂಡು ಉಳಿದದ್ದು ಕೊಟ್ಟರು. ಜಗಳ ಆಡುವ ಶಕ್ತಿ ಇರಲಿಲ್ಲ, ತೆಗೆದುಕೊಂಡು ಬಂದೆ. ಅಷ್ಟರಲ್ಲಿ ಎಂಟು ದಿನ ಹೋಗಿತ್ತು. ಪಕ್ಕದ ಮನೆಯವನ ಪಿಕಪ್ ನಮ್ಮ ಅಣ್ಣನ ತೋಟದ ಟೊಮೆಟೊವನ್ನೇ ಹೇರಿಕೊಂಡು ನನ್ನ ಬಾಗಿಲ ಮುಂದೆಯೇ ಹೋಗುತ್ತಿತ್ತು. ಅದನ್ನು ನೋಡಿಕೊಂಡು ಕಾಫಿ ಕುಡಿಯುವುದು ಕಷ್ಟ.

ಆ ಎಂಟು ದಿನದಲ್ಲಿ ಒಂದೇ ಒಂದು ಒಳ್ಳೆ ಕೆಲಸ ಮಾಡಿದೆ. ಪಲಮನೇರಿನಲ್ಲಿ ಬಿಚ್ಚಿ ಕೊಟ್ಟಿದ್ದ ಥರ್ಮೋಸ್ಟಾಟ್ ಡ್ಯಾಶ್‌ಬೋರ್ಡಿನ ಗೂಡಿನಲ್ಲೇ ಇತ್ತು. ಅದರ ಅಂಚಿನ ಮೇಲೆ 82 ಅಂತ ಅಚ್ಚಿದೆ. ಅಂದರೆ 82 ಡಿಗ್ರಿಗೆ ಬಾಯಿ ಬಿಡಲು ಶುರು ಮಾಡಬೇಕು. ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದಿದ್ದ ಥರ್ಮಾಮೀಟರ್ ಒಂದಿತ್ತು, 110ರವರೆಗೆ ತೋರಿಸುವಂಥದ್ದು. ಹೆಂಡತಿ ಹಾಲಿನ ಪಾತ್ರೆ ಕೊಡಲ್ಲ ಅಂದಳು. ಒಗ್ಗರಣೆಗೂ ಬಾರದ ಹಳೇ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ಇಳಿಬಿಟ್ಟೆ. 70, 75, 80. ಮಗಳು ಓದಿ ಹೇಳುತ್ತಿದ್ದಳು. 83ಕ್ಕೆ ನಡುವಿನ ತಟ್ಟೆ ಸಣ್ಣಗೆ ಅಲ್ಲಾಡಿತು. 88ಕ್ಕೆ ಒಂದು ಕಾಸಿನ ದಪ್ಪ ಸಂದು. 95ಕ್ಕೆ ಹತ್ತಿರವಾದಾಗ ಸಣ್ಣ ಬೆರಳಿನ ತುದಿ ಹೋಗುವಷ್ಟು ಬಾಯಿಬಿಟ್ಟು ನಿಂತಿತು. ಒಲೆ ಆರಿಸಿದೆ, ನಿಧಾನಕ್ಕೆ ಮುಚ್ಚಿಕೊಂಡಿತು. ಅದು ಕೆಟ್ಟಿರಲೇ ಇಲ್ಲ! ಹೊಸದು ಕೊಂಡಾಗಲೂ ಹೀಗೇ ಒಂದು ಸಲ ಕುದಿಸಿ ನೋಡಿಯೇ ಹಾಕಿ. ಹೊಸದರಲ್ಲೂ ತೆರೆಯದವು ಇರುತ್ತವೆ.

ಡಿಸೆಂಬರ್ ಮೊದಲ ಶನಿವಾರ ಬೆಂಗಳೂರಿನ ಜೆ.ಸಿ. ರೋಡಿಗೆ ಹೊರಟೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ಹಳೇ ರೇಡಿಯೇಟರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ಚೀಲ ತಟ್ಟಿ ನೋಡಿ ಲಗೇಜ್ ಟಿಕೆಟ್ ಹರಿದರು. ಜೊತೆಗೆ ಬಂದ ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ರೇಡಿಯೇಟರಿಗೆ ಉಂಟು. ಅವಳು ಹೊಸಕೋಟೆವರೆಗೂ ನಗುತ್ತಲೇ ಇದ್ದಳು. ಮೂರು ವಾರದಲ್ಲಿ ಮನೆಯಲ್ಲಿ ಯಾರಾದರೂ ನಕ್ಕದ್ದು ಅವತ್ತೇ.

ಪಾರ್ಟ್ಸ್ ತರಲು ಹೋಗುವವರು ಆರ್‌ಸಿ ಜೆರಾಕ್ಸ್ ಸಾಕು ಅಂದುಕೊಳ್ಳಬೇಡಿ. ಚಾಸಿ ನಂಬರಿನ ಫೋಟೊ ಇರಲಿ, ಪಾರ್ಟ್ ನಂಬರ್ ಹುಡುಕುವುದು ಅದರಿಂದಲೇ. ಆದರೆ ಎಲ್ಲಕ್ಕಿಂತ ಗಟ್ಟಿ ದಾಖಲೆ ಹಳೇ ಸಾಮಾನೇ. ಹೊರಲು ಆಗದಿದ್ದರೆ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ: ಜಾಲರಿಯ ಎತ್ತರ, ಅಗಲ, ಮುಖ್ಯವಾಗಿ ದಪ್ಪ. ಎರಡೂ ಪೈಪಿನ ಹೊರಸುತ್ತು, ಯಾವುದು ಎಡಕ್ಕೆ ಯಾವುದು ಬಲಕ್ಕೆ, ಬೋಲ್ಟ್ ತೂತುಗಳ ನಡುವಿನ ಅಂತರ. ನೋಡಲು ಒಂದೇ ಥರ ಇದ್ದು ದಪ್ಪದಲ್ಲಿ ಅರ್ಧ ಇಂಚು ಕಡಿಮೆ ಇರುವ ಮಾಲು ಸಾವಿರ ರೂಪಾಯಿ ಅಗ್ಗಕ್ಕೆ ಸಿಗುತ್ತದೆ. ಖಾಲಿ ಓಡಿಸುವವರಿಗೆ ನಡೆಯಬಹುದು, ಲೋಡ್ ಹಾಕುವವರಿಗೆ ಬೇಡ.

ನಾಲ್ಕನೇ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಕೌಂಟರಿನಲ್ಲಿದ್ದರು. ಗೋಣಿ ಬಿಚ್ಚಿಸಿ, ರೇಡಿಯೇಟರನ್ನು ಬೆಳಕಿಗೆ ಹಿಡಿದು, ಟ್ಯಾಂಕಿನ ಬಾಯಿಗೆ ಬೆರಳು ಹಾಕಿ ಒಳಗಿಂದ ಬಿಳೀ ಚಕ್ಕೆ ಕಿತ್ತು ಮೇಜಿನ ಮೇಲಿಟ್ಟರು. "ಕೋಲಾರದ ನೀರಾ?" ಅಂದರು. ಹೌದು ಅಂದೆ. ಆಮೇಲೆ ಇನ್ನೊಂದು ಮಾತು ಕೇಳಿದರು: "ಎಲ್ಲಿ ಬಿಸಿಯಾಗುತ್ತೆ ಗಾಡಿ? ಹೈವೇಲಿ ಸ್ಪೀಡಾಗಿ ಹೋಗುವಾಗಲೋ, ಏರು ಹತ್ತುವಾಗಲೋ?" ಏರಿನಲ್ಲಿ ಅಂದೆ. "ಫ್ಯಾನ್ ಕ್ಲಚ್ ನೋಡಿಸಿದ್ರಾ?" ಅಂದರು. ಇನ್ನೂ ಒಂದು ಸಾಮಾನು ಮಾರಲು ನೋಡುತ್ತಿದ್ದಾರೆ ಅಂದುಕೊಂಡೆ. ಫ್ಯಾನ್ ತಿರುಗ್ತಾ ಇದೆ ಸಾರ್, ಚೆನ್ನಾಗೇ ಇದೆ ಅಂದೆ. ಅವರು ಸುಮ್ಮನಾದರು. ಈ ಮಾತುಕತೆ ಆಮೇಲೆ ನನ್ನನ್ನು ಎಷ್ಟು ರಾತ್ರಿ ಕಾಡಿತು ಅಂತ ಲೆಕ್ಕ ಇಟ್ಟಿಲ್ಲ.

ತಂದದ್ದು ಇಷ್ಟು. ದಪ್ಪ ಜಾಲರಿಯ ರೇಡಿಯೇಟರ್ 6,400. ವಾಟರ್ ಪಂಪ್ ಗ್ಯಾಸ್ಕೆಟ್ ಸಮೇತ 2,150. ಹಳೇ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕಲೆ ಇಳಿದಿತ್ತು, ಒಳಗಿನ ಸೀಲ್ ಹೋದರೆ ನೀರು ಆ ತೂತಿನಿಂದಲೇ ಸೋರುತ್ತದೆ. ಅದನ್ನು ಎಂಸೀಲ್ ಹಾಕಿ ಮುಚ್ಚುವ ಮಹಾನುಭಾವರಿದ್ದಾರೆ, ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ. ಪಂಪಿನಲ್ಲೂ ಎರಡು ಥರ ಇತ್ತು: ರೆಕ್ಕೆ ತಗಡಿನದು ಒಂದು, ಎರಕದ್ದು ಒಂದು. ತಗಡಿನದು ಉಪ್ಪು ನೀರಿಗೆ ಬೇಗ ತಿಂದುಹೋಗುತ್ತದೆ, ಎರಕದ್ದು ತಗೊಂಡೆ. ಹಳೆಯದು ಚೆನ್ನಾಗಿದ್ದರೂ ಹೇಗೂ ಬಿಚ್ಚುತ್ತೀವಲ್ಲ ಅಂತ ಥರ್ಮೋಸ್ಟಾಟ್ ಒಂದು, ಬೆಲ್ಟ್ ಒಂದು. ಕ್ಯಾಪಿನ ವಿಷಯಕ್ಕೆ ಬಂದರೆ, ಹಳೆಯದರ ಮೇಲೆ 0.9 ಅಂತ ಇತ್ತು, ಪಲಮನೇರಿನದರ ಮೇಲೆ 1.1. ಹೆಚ್ಚು ಒತ್ತಡ ಅಂದರೆ ಹೆಚ್ಚು ಒಳ್ಳೆಯದು ಅಂತಲ್ಲ, ಹಳೇ ಹೋಸು, ಪ್ಲಾಸ್ಟಿಕ್ ಟ್ಯಾಂಕು ತಡೆಯಬೇಕಲ್ಲ. ಕಂಪನಿಯವರು ಕೊಟ್ಟ ನಂಬರಿನದನ್ನೇ ಹಾಕಿ. ಹೋಸುಗಳಲ್ಲಿ ಕೆಳಗಿನದರ ಒಳಗೆ ಕಂಬಿಯ ಸ್ಪ್ರಿಂಗ್ ಇದೆಯಾ ಅಂತ ಬೆರಳು ಹಾಕಿ ನೋಡಿ. ಪಂಪು ಎಳೆಯುವ ರಭಸಕ್ಕೆ ಆ ಹೋಸು ಒಳಕ್ಕೆ ಚಪ್ಪಟೆಯಾಗದಂತೆ ತಡೆಯೋದು ಅದು. ನನಗೆ ಕೊಟ್ಟ ಹೋಸಿನಲ್ಲಿ ಇರಲಿಲ್ಲ, ಹಳೆಯದರದ್ದನ್ನು ಎಳೆದು ಹೊಸದಕ್ಕೆ ತುರುಕಿದೆವು.

ಬಿಲ್ ಜಿಎಸ್‌ಟಿ ನಂಬರಿನದೇ ಕೇಳಿ ಪಡೆದೆ, ವಾರಂಟಿ ಚೀಟಿಗೆ ಸೀಲು, ತಾರೀಖು ಹಾಕಿಸಿದೆ. 2025ರ ಸೆಪ್ಟೆಂಬರ್ 22ರಿಂದ ಗಾಡಿ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಡಬ್ಬದ ಮೇಲೆ ಹಳೇ ಎಂಆರ್‌ಪಿಯೇ ಇರುವ ಮಾಲು ಆಗ ಇನ್ನೂ ಇತ್ತು, ಬಾಯಿಬಿಟ್ಟು ಕೇಳಿದರೆ ಕಡಿಮೆ ಮಾಡುತ್ತಿದ್ದರು.

ಬರೀ ನೀರಿನ ಬದಲು ರೇಡಿಯೇಟರಿಗೆ ಹಾಕುವ ಕೂಲಂಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ನಮ್ಮ ಜಿಲ್ಲೆಯವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಹಸಿರು, ಕೆಂಪು, ಕಿತ್ತಳೆ ಅಂತ ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಕಂಪನಿಯವರ ಇಷ್ಟ. ಡಬ್ಬದ ಮೇಲೆ ಐಎಸ್ 5759 ಅಥವಾ ಜಿಸ್ ಕೆ 2234 ಅಂತ ಗುಣಮಟ್ಟದ ನಂಬರ್ ಬರೆದಿದೆಯಾ ನೋಡಿ. ಎರಡು ಜಾತಿ ಬೆರೆಸಬೇಡಿ. ಯಾವ ಜಾತಿಯದೇ ಆದರೂ ಎರಡು ರೂಪದಲ್ಲಿ ಸಿಗುತ್ತದೆ: ಒಂದು ಕಾನ್ಸಂಟ್ರೇಟ್, ಅರ್ಧಕ್ಕರ್ಧ ನೀರು ಬೆರೆಸಬೇಕು. ಇನ್ನೊಂದು ರೆಡಿಮಿಕ್ಸ್, ಹಾಗೇ ಸುರಿಯೋದು. ರೆಡಿಮಿಕ್ಸಿಗೆ ಮತ್ತೆ ನೀರು ಬೆರೆಸಿ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ಊರಿನ ಶುದ್ಧ ನೀರಿನ ಘಟಕದ ನೀರು ಬೋರಿಗಿಂತ ಸಾವಿರ ಪಾಲು ಮೇಲು, ಆದರೂ ಅದರಲ್ಲಿ ಸ್ವಲ್ಪ ಲವಣ ಉಳಿದಿರುತ್ತದೆ, ದಾರಿಯಲ್ಲಿ ಕೈಗೆ ಬೇರೇನೂ ಸಿಗದಾಗ ಸಾಕು. ನನ್ನದಕ್ಕೆ ಒಟ್ಟು ಸುಮಾರು 8 ಲೀಟರ್ ಹಿಡಿಯಿತು, ಕೂಲಂಟು, ನೀರು ಸೇರಿ 1,630 ರೂಪಾಯಿ. ಇದು ವಿಷ, ರುಚಿ ಸಿಹಿ. ಬಿಚ್ಚಿದ ಹಳೆಯದನ್ನು ಬೋಗುಣಿಯಲ್ಲಿ ಬಿಟ್ಟರೆ ನಾಯಿ, ಕರು ಬಂದು ಬಾಯಿ ಹಾಕುತ್ತವೆ.

ಫಿಟ್ಟಿಂಗಿಗೆ ಕೋಲಾರದಲ್ಲೇ ಒಬ್ಬ ಹಳೇ ಮೇಸ್ತ್ರಿಯನ್ನು ಹಿಡಿದೆ. ಎರಡು ದಿನದ ಕೆಲಸ, 2,500 ಕೂಲಿ. ಹೊಸ ರೇಡಿಯೇಟರಿನ ಹಿಂಬದಿಯಲ್ಲಿ ನಾಲ್ಕು ಬೋಲ್ಟ್ ತೂತು ಖಾಲಿ ಉಳಿದವು. ಇಲ್ಲೇನು ಬರುತ್ತೆ ಅಂದೆ. "ಎಲ್ಲಾ ಮಾಡೆಲ್‌ಗೂ ಆಗ್ಲಿ ಅಂತ ಬಿಟ್ಟಿರ್ತಾರೆ ಬಿಡಿ" ಅಂದರು. ಬಿಟ್ಟೆ.

ಸ್ಟಾರ್ಟ್ ಮಾಡಿ ಕ್ಯಾಪ್ ಹಾಕದೆ ನೋಡುತ್ತಿದ್ದೆವು. ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆ ಬರತೊಡಗಿತು. ಒಂದಾದ ಮೇಲೊಂದು. ಮೇಸ್ತ್ರಿ ಮಾತಾಡಲಿಲ್ಲ. ನನಗೆ ಕೈಕಾಲು ತಣ್ಣಗಾಯಿತು. ಗುಳ್ಳೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಉರಿದ ಗ್ಯಾಸು ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಹೆಡ್ ಇಳಿಸಿ ಲೇತಿನಲ್ಲಿ ಫೇಸಿಂಗ್ ಮಾಡಿಸಿ ಕಟ್ಟಬೇಕಾದರೆ ಇನ್ನೂ ಮೂವತ್ತು ಸಾವಿರಕ್ಕೆ ಕಡಿಮೆ ಇಲ್ಲ. ಎರಡು ಸಲ ಕುದಿಸಿದ್ದೇನಲ್ಲ, ಮಾಡಿದ ಪಾಪ. ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿಯನ್ನು ಬೆರಳಲ್ಲಿ ಒರೆಸಿ ತೋರಿಸಿದರು: ಕಪ್ಪಗಿತ್ತು. ನೀರು ಆಯಿಲಿಗೆ ಸೇರಿದ್ದರೆ ಅಲ್ಲಿ ಹಾಲಿನ ಕೆನೆಯಂಥದ್ದು ಮೆತ್ತಿಕೊಂಡಿರುತ್ತಿತ್ತು. ಗಾಡಿಯ ಮುಂಭಾಗವನ್ನು ಜಾಕಿನಲ್ಲಿ ಎತ್ತಿಸಿ, ಮೇಲಿನ ಹೋಸನ್ನು ಹಿಂಡುತ್ತಾ ಹಿಂಡುತ್ತಾ ಗಾಳಿ ಬಿಡಿಸಿದರು. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸು ಬಿಸಿಯಾಯಿತು, ನೀರಿನ ಮಟ್ಟ ಗಕ್ಕನೆ ಇಳಿಯಿತು, ಮತ್ತೆ ತುಂಬಿದೆವು. ಇಪ್ಪತ್ತು ನಿಮಿಷಕ್ಕೆ ಗುಳ್ಳೆ ನಿಂತಿತು. ಬರೀ ಸಿಕ್ಕಿಕೊಂಡ ಗಾಳಿ. ಆ ಇಪ್ಪತ್ತು ನಿಮಿಷದಲ್ಲಿ ಮೇಸ್ತ್ರಿಯ ಗೋಡೆಯ ಮೇಲಿದ್ದ ಎಲ್ಲ ದೇವರಿಗೂ ನಾನು ಹರಕೆ ಹೊತ್ತಿದ್ದೆ.

ಡಿಸೆಂಬರ್ 12, ಶುಕ್ರವಾರ. ಟೊಮೆಟೊ ಹಾಕಿ ಚಿತ್ತೂರು, ವಾಪಸ್ ಬೆಲ್ಲ. ಹೊಸ ರೇಡಿಯೇಟರ್, ಹೊಸ ಪಂಪು, ಹೊಸ ಎಲ್ಲ. ಘಾಟಿ ಶುರುವಾಯಿತು. ಅರ್ಧದವರೆಗೂ ಮುಳ್ಳು ನಡುವಿನಲ್ಲೇ. ಆಮೇಲೆ ಮೆಲ್ಲಗೆ ಏರತೊಡಗಿತು. ಮುಕ್ಕಾಲು ದಾಟಿದಾಗ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಭಾವಮೈದ ನನ್ನ ಮುಖ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತಾ ಕೂತ. ಸ್ಟೀರಿಂಗ್ ಮೇಲೆ ತಲೆ ಇಟ್ಟುಕೊಂಡೆ. ಗಾಡಿ ಮಾರಿಬಿಡೋಣ ಅನ್ನಿಸಿತು, ನಿಜವಾಗಲೂ.

ಇಂಜಿನ್ ಐಡಲಿನಲ್ಲಿತ್ತು. ಹಾಗೇ ತಲೆ ಇಟ್ಟುಕೊಂಡಿದ್ದಾಗ ಜೆ.ಸಿ. ರೋಡಿನ ಹಿರಿಯರ ಪ್ರಶ್ನೆ ನೆನಪಾಯಿತು. ಏರಿನಲ್ಲೋ, ಹೈವೇಯಲ್ಲೋ? ಹೈವೇಯಲ್ಲಿ ಎಪ್ಪತ್ತರಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಅಲ್ಲೂ ಬಿಸಿಯಾದರೆ ನೀರಿನ ಹರಿವಿನಲ್ಲಿ ತೊಂದರೆ, ಜಾಲರಿ ಕಟ್ಟಿದೆ, ಪಂಪು ಸೋತಿದೆ. ಏರಿನಲ್ಲಿ ಇಪ್ಪತ್ತರ ವೇಗ, ಎದುರುಗಾಳಿ ಇಲ್ಲ, ಇಡೀ ಭಾರ ಫ್ಯಾನಿನದು. ಬರೀ ಅಲ್ಲಿ ಮಾತ್ರ ಬಿಸಿಯಾದರೆ ಫ್ಯಾನನ್ನೇ ನೋಡಬೇಕು. ಇನ್ನೊಂದೂ ಹೊಳೆಯಿತು. ಕೊಂಡ ಹೊಸದರಲ್ಲಿ ಈ ಗಾಡಿ ಏರು ಹತ್ತುವಾಗ ಮುಂದಿನಿಂದ ಗುಂಯ್ ಅಂತ ಒಂದು ಮೊರೆತ ಬರುತ್ತಿತ್ತು. ಒಂದೆರಡು ವರ್ಷದಿಂದ ಇಲ್ಲ. ಗಾಡಿ ಪಳಗಿ ಸದ್ದು ಕಡಿಮೆಯಾಗಿದೆ ಅಂತ ಸಂತೋಷಪಟ್ಟಿದ್ದೆ!

ಫ್ಯಾನಿನ ನಡುವೆ ಡಬರಿಯಷ್ಟು ಅಗಲದ ಒಂದು ಕಪ್ಲಿಂಗ್ ಇರುತ್ತದೆ, ಅದೇ ಫ್ಯಾನ್ ಕ್ಲಚ್. ಒಳಗೆ ಅಂಟಂಟಾದ ಸಿಲಿಕೋನ್ ಎಣ್ಣೆ. ಮುಂಭಾಗದಲ್ಲಿ ಸುರುಳಿ ಸುತ್ತಿದ ಪಟ್ಟಿ. ರೇಡಿಯೇಟರಿನಿಂದ ಬಿಸಿಗಾಳಿ ಬಂದಾಗ ಪಟ್ಟಿ ತಿರುಗಿ ಎಣ್ಣೆಗೆ ದಾರಿ ಬಿಡುತ್ತದೆ, ಫ್ಯಾನ್ ಇಂಜಿನ್ನಿಗೆ ಗಟ್ಟಿಯಾಗಿ ಕಚ್ಚಿಕೊಂಡು ಮೊರೆಯುತ್ತದೆ. ಎಣ್ಣೆ ಸೋರಿಹೋಗಿದ್ದರೆ ಫ್ಯಾನ್ ತಿರುಗುವುದೇನೋ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ರೆಕ್ಕೆಯನ್ನು ಕೈಯಲ್ಲಿ ತಳ್ಳಿದೆ. ಇಷ್ಟು ಬಿಸಿಯಲ್ಲಿ ಅದು ಬಿಗಿಯಾಗಿ ತಡೆಯಬೇಕಿತ್ತು. ಜಾತ್ರೆಯ ಗಿರಗಟ್ಟೆಯ ಹಾಗೆ ನಾಲ್ಕೈದು ಸುತ್ತು ತಿರುಗಿ ನಿಂತಿತು. ಕಪ್ಲಿಂಗಿನ ಅಂಚಿನಿಂದ ಹೊರಕ್ಕೆ ಎಣ್ಣೆ ಚೆಲ್ಲಿದ ಕಪ್ಪು ಗೆರೆಗಳು ಸೂರ್ಯನ ಕಿರಣ ಬಿಡಿಸಿದ ಹಾಗಿದ್ದವು. ಅದರ ಮೇಲೆ ಎರಡು ವರ್ಷದ ಧೂಳು.

ಆ ನಾಲ್ಕು ಖಾಲಿ ತೂತುಗಳ ಗುಟ್ಟೂ ಅಲ್ಲೇ ತಿಳಿಯಿತು. ಫ್ಯಾನಿನ ಸುತ್ತ ಪ್ಲಾಸ್ಟಿಕ್ಕಿನ ಬಳೆಯಂಥ ಶ್ರೌಡ್ ಇರಬೇಕು, ಫ್ಯಾನ್ ಎಳೆಯುವ ಗಾಳಿ ಪೂರ್ತಿ ಜಾಲರಿಯಿಂದಲೇ ಬರುವಂತೆ ಮಾಡುವುದು ಅದು. ನಾನು ಕೊಳ್ಳುವ ಮೊದಲೇ ಯಾವಾಗಲೋ ಒಡೆದಿರಬೇಕು, ಯಾರೋ ಕಿತ್ತು ಬಿಸಾಡಿದ್ದರು. ನಾನು ಈ ಗಾಡಿಯಲ್ಲಿ ಅದನ್ನು ನೋಡಿಯೇ ಇರಲಿಲ್ಲ.

ಅಲ್ಲಿಂದಲೇ ಜೆ.ಸಿ. ರೋಡಿನ ಅಂಗಡಿಗೆ ಫೋನ್ ಮಾಡಿದೆ. ಹಿರಿಯರು ಧ್ವನಿ ಗುರುತು ಹಿಡಿದರು. "ಕೋಲಾರದ ನೀರಿನವರಾ?" ಅಂದರು. ಹೇಳಿದೆ. ನಾನು ಹೇಳಿದ್ದೆನಲ್ಲ ಅಂತ ಒಂದು ಮಾತೂ ಆಡಲಿಲ್ಲ. ದುಡ್ಡು ಫೋನಿನಲ್ಲೇ ಹಾಕಿದೆ, ಕ್ಲಚ್ 3,700, ಶ್ರೌಡ್ 950. ಮರುದಿನ ಮಧ್ಯಾಹ್ನದ ಬಸ್ಸಿಗೆ ಹಾಕಿ ಕಳಿಸಿದರು. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಂಡೆ. ಕ್ಲಚ್ಚನ್ನು ಮಲಗಿಸಿ ಇಡಬೇಡಿ, ನಿಲ್ಲಿಸಿಯೇ ಇಡಿ ಅಂತ ಡಬ್ಬದ ಮೇಲೆ ಅವರೇ ಕನ್ನಡದಲ್ಲಿ ಬರೆದಿದ್ದರು, ಒಳಗಿನ ಎಣ್ಣೆ ಸೋರದಿರಲಿ ಅಂತ. ಮೇಸ್ತ್ರಿ ಕೂರಿಸಲು 800 ತೆಗೆದುಕೊಂಡರು. ಶ್ರೌಡನ್ನು ಆ ನಾಲ್ಕು ತೂತಿಗೆ ಬಿಗಿಯುವಾಗ ನಾನೂ ಏನೂ ಅನ್ನಲಿಲ್ಲ, ಅವರೂ ಏನೂ ಅನ್ನಲಿಲ್ಲ.

ಎಲ್ಲ ಸೇರಿ ಬೆಲ್ಲ ಸಾಗಿಸಿದ 2,500 ಸಮೇತ 25 ಸಾವಿರದ ಮೇಲೆ ಚಿಲ್ಲರೆ. ತಪ್ಪಿದ ಟ್ರಿಪ್ಪುಗಳ ಲೆಕ್ಕ ಬೇರೆ. ಮೊದಲೇ ಫ್ಯಾನ್ ನೋಡಿದ್ದರೆ 5,450ರಲ್ಲಿ ಮುಗಿಯುತ್ತಿತ್ತಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಪೂರ್ತಿ ಇಲ್ಲ. ಪಂಪು ಸೋರುತ್ತಿತ್ತು, ರೇಡಿಯೇಟರ್ ಒಳಗೆ ಪೊರೆ ಕಟ್ಟಿತ್ತು, ಇವತ್ತಲ್ಲ ನಾಳೆ ಬದಲಿಸಲೇಬೇಕಿತ್ತು. ಆದರೆ ಬೇಸಿಗೆಯವರೆಗೆ ದೂಡಬಹುದಿತ್ತು. ಆಸಿಡ್ ವಾಷಿನ 900, ಕ್ಯಾಪಿನ 520, ಅಂಗಡಿಯವರು ಹಿಡಿದ 600 ಮಾತ್ರ ಚರಂಡಿಗೆ ಹೋದ ದುಡ್ಡು.

ಡಿಸೆಂಬರ್ 17, ಧನುರ್ಮಾಸದ ಎರಡನೇ ದಿನ, ಮತ್ತೆ ಅದೇ ದಾರಿ, ಅದೇ ಒಂದು ಟನ್ ಬೆಲ್ಲ. ಸೆಕೆಂಡ್ ಗೇರ್. ಮುಳ್ಳು ಅರ್ಧದಿಂದ ಒಂದು ಕೂದಲೆಳೆ ಮೇಲಕ್ಕೆ ಹೋಗುತ್ತಿದ್ದ ಹಾಗೇ ಮುಂದಿನಿಂದ ಗುಂಯ್ ಅಂತ ಮೊರೆತ ಎದ್ದಿತು. ಭಾವಮೈದ ಗಾಬರಿಯಾಗಿ, "ಏನ್ ಭಾವ ಅದು ಸೌಂಡು, ನಿಲ್ಸಿ" ಅಂದ. ಸುಮ್ಮನೆ ಕೂತ್ಕೋ ಅಂದೆ. ಮುಳ್ಳು ಮೊದಲಿದ್ದಲ್ಲಿಗೆ ಇಳಿಯಿತು, ಮೊರೆತವೂ ತಗ್ಗಿತು. ಪಲಮನೇರು ಬರುವಷ್ಟರಲ್ಲಿ ಮೂರು ಸಲ ಹೀಗೆ ಎದ್ದು ತಗ್ಗಿತು.

ಹೊಸ ಹೋಸು ಕೂರಿಸಿದವರು 500 ಕಿಲೋಮೀಟರ್ ಓಡಿದ ಮೇಲೆ ಕ್ಲಿಪ್ಪುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿಸಿ, ರಬ್ಬರ್ ಕೂತುಕೊಂಡು ಸಡಿಲವಾಗಿರುತ್ತವೆ. ಕೂಲಂಟ್ ಬಾಟಲಿಯ ಮೇಲೆ ಮಗಳ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಮೊದಲ ಟ್ರಿಪ್ಪಿನಲ್ಲಿ ಉಳಿದ ಗಾಳಿ ಹೋಗಿ ಒಂದು ಬೆರಳು ಇಳಿಯಿತು, ತುಂಬಿಸಿದೆ. ನಿನ್ನೆಗೆ ಐದು ಟ್ರಿಪ್ ಆಯಿತು, ಗೆರೆಯ ಮೇಲೇ ಇದೆ. ಸೋಮವಾರ ಎಫ್‌ಸಿಗೆ ಹೋಗಬೇಕು.